ಮಟ್ಟದ ನೆಲ

ಮೊದಲು ಬಂದದ್ದು ಸದ್ದು.
ಅರವತ್ತು ದಾಟಿದರೆ ಸೀಟಿನಡಿ ಗುಂಯ್ ಅನ್ನುವುದು,
ಗೇರು ಬದಲಿಸಿದಾಗೊಮ್ಮೆ ಠಕ್,
ಯಾರೋ ನೆಲದೊಳಗಿಂದ ಬಾಗಿಲು ಬಡಿದ ಹಾಗೆ.
ಲಸಿಕೆ ಪೆಟ್ಟಿಗೆಯಲ್ಲಿ ಸೀಸೆಗಳು
ಚಳಿಗೆ ಹಲ್ಲು ಕಟಕಟಿಸುತ್ತಿದ್ದವು.

ಜಪಾನಿನಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟ ಸುಬಾರು.
ಸ್ಟೀರಿಂಗು ಬಲಕ್ಕೆ. ಸ್ವಾನೆತಿಯ ದಾರಿಯಲ್ಲಿ ಅದು ತಪ್ಪು ಬದಿ,
ಕಮರಿಯ ಅಂಚು ಎಲ್ಲರಿಗಿಂತ ಮೊದಲು ನನಗೇ ಕಾಣುತ್ತದೆ;
ಒಳ್ಳೆಯದೇ ಆಯಿತು ಅಂದುಕೊಳ್ಳುತ್ತೇನೆ.
ಕನ್ನಡಿಯ ಪಕ್ಕ ಒಂದು ಹಳದಿ ಚೀಟಿ, ಏನೋ ಎಚ್ಚರಿಕೆ.
ಈ ಕಣಿವೆಯಲ್ಲಿ ಓದಬಲ್ಲವರು ಯಾರೂ ಇಲ್ಲ.

ಮೆಕ್ಯಾನಿಕ್ಕು ಕೇಳಿದ್ದು ನನ್ನ ಅರ್ಧ ಸಂಬಳ.
ಶಾಫ್ಟು ತ್ಬಿಲಿಸಿಯ ಗುಜರಿ ಸಂತೆಯಿಂದ ಬಂತು,
ಮಿನಿಬಸ್ಸಿನ ಸೀಟುಗಳ ಕೆಳಗೆ ಉದ್ದಕ್ಕೆ ಮಲಗಿ,
ಮೇಲೊಂದು ಈರುಳ್ಳಿ ಮೂಟೆ.
"ದಾರೆಜಾನ್, ಹಾಕುವವರು ಯಾರು?" ಎಂದ ಜೊಕಿಯಾ.
ನಾನೇ ಅಂದೆ.
ಅವನು ಮೀಸೆಯೊಳಗೇ ಏನೋ ಹೇಳಿಕೊಂಡ.

ಕಾರೆತ್ತಲು ಮಟ್ಟದ ನೆಲ ಬೇಕು.
ನಮ್ಮೂರಲ್ಲಿ ನೆಲ ಒಂದೋ ಹತ್ತುತ್ತದೆ, ಇಲ್ಲವೇ ಇಳಿಯುತ್ತದೆ.
ಮಟ್ಟಾಗಿರುವುದು ಒಂದೇ ತುಂಡು, ಕಲ್ಲುಗೋಪುರದ ಬುಡದಲ್ಲಿ,
ಅಪ್ಪ ಹಂಚದೆ ಹೋದದ್ದು:
ಆಚೆ ಬಿಮುರ್ಜಾನ ಸೌದೆ, ಈಚೆ ನನ್ನ ಬಟ್ಟೆ ಹಗ್ಗ.
ಹುಲ್ಲುಗಾವಲಿನ ಮೇರೆಕಲ್ಲು ಕದಲಿದ ಮೇಲೆ
(ಕದಲಿಸಿದ್ದು ನಾನಲ್ಲ)
ಅಣ್ಣ ನನ್ನೊಡನೆ ತುಟಿ ಎರಡು ಮಾಡಿಲ್ಲ.
ಎರಡು ಸಲ ಹಿಮ ಬಿದ್ದು ಕರಗಿತು.

ನಾಲ್ಕು ಸ್ಟ್ಯಾಂಡು. ನಾಲ್ಕು ಚಕ್ರವೂ ಗಾಳಿಯಲ್ಲಿ.
ಬೆನ್ನಡಿಗೆ ಫ್ರಿಜ್ಜಿನ ರಟ್ಟು ಹಾಸಿ ಒಳಗೆ ಜಾರಿದೆ.
ಕಣ್ಣಿಗೆ ತುಕ್ಕು ಉದುರುತ್ತದೆ,
ಬಾಯಿ ಬಿಟ್ಟರೆ ಬಾಯಿಗೂ.
ಹಿಂದಿನ ಫ್ಲ್ಯಾಂಜಿನಲ್ಲಿ ನಾಲ್ಕು ಬೋಲ್ಟು.
ಹನ್ನೆರಡರ ಸ್ಪ್ಯಾನರಿಗೆ ಬೋಲ್ಟು ಬಿಡದು, ಶಾಫ್ಟೇ ಸುತ್ತುತ್ತದೆ,
ನಾನು ತಿರುಗಿಸಿದಷ್ಟೂ ಅದೂ ತಿರುಗುತ್ತದೆ,
ಹೇಳಿದ್ದಕ್ಕೆಲ್ಲ ಹೂಂ ಅಂದು ಏನೂ ಮಾಡದವರ ಹಾಗೆ.
ಮೇಲೆ ಕೂತು ಬ್ರೇಕು ಒತ್ತಲು ಒಂದು ಕಾಲು ಬೇಕು.
ನಾನು ಯಾರನ್ನೂ ಕರೆಯಲಿಲ್ಲ.
ಸ್ಪ್ಯಾನರು ಜಾರಿ ಗೆಣ್ಣು ಸುಲಿದಾಗ ಬೈದೆ, ಅಷ್ಟೇ.

ಆಚೆ ಕೊಡಲಿಯ ಸದ್ದು ನಿಂತಿತು.

ಕಾರಿನಡಿಯಿಂದ ಕಂಡದ್ದು ಎರಡು ಬೂಟು,
ಎಡಗಾಲಿನದಕ್ಕೆ ತಂತಿಯ ಹೊಲಿಗೆ.
ಬಂದವು, ನಿಂತವು, ಮಾಯವಾದವು.
ಸೀಟು ಕಿರ್ರೆಂದಿತು.
ನಾನು ಲೋಹಕ್ಕೆ ಹೇಳಿದೆ: ಒತ್ತು.
ಶಾಫ್ಟು ಬಿಗಿಯಿತು. ಬೋಲ್ಟು ಕೀರಲುಗುಟ್ಟಿ ಸಡಿಲಿತು.
ಬಿಡು, ಅಂದೆ. ಕೈಯಿಂದ ಶಾಫ್ಟು ತಿರುವಿ
ಮುಂದಿನದನ್ನು ಕೆಳಕ್ಕೆ ತಂದೆ.
ಒತ್ತು.
ಬಿಡು.
ಒತ್ತು, ಒತ್ತು, ಇನ್ನೂ.
ಎರಡು ವರ್ಷದಲ್ಲಿ ನಾವಾಡಿದ ಮಾತು ಇಷ್ಟು,
ಅದೂ ನನ್ನೊಬ್ಬಳದೇ.

ನಡುವಿನ ಬೇರಿಂಗು ಬಿಚ್ಚಿ ಎಳೆದೆ.
ಗೇರುಬಾಕ್ಸಿನ ಬಾಲದಿಂದ ಎಣ್ಣೆ ಇಳಿಯಿತು
ತೋಳೊಳಕ್ಕೆ, ಕಂಕುಳಿಗೆ, ಕೊಳೆತ ಮೊಟ್ಟೆಯ ನಾತ.
ಜೇಬಿನಲ್ಲಿ ಆಸ್ಪತ್ರೆಯ ಕೈಗವಸಿತ್ತು,
ಅದನ್ನೇ ಬಾಯಿಗೆ ತೊಡಿಸಿದೆ.
ಐದು ಬೆರಳೂ ತುಂಬಿಕೊಂಡು ತೂಗಿತು,
ಕರೆಯಲು ಮರೆತ ಹಸುವಿನ ಕೆಚ್ಚಲು.
ಪಕ್ಕದಲ್ಲಿ ಬಗ್ಗಿದ ಮುಖವೊಂದು, ತಲೆಕೆಳಗಾಗಿ,
ಮೂಗಿನಲ್ಲಿ ಸದ್ದು ಮಾಡಿತು.
ನಗೆ ಇರಬಹುದು. ನೆಗಡಿಯೂ ಇರಬಹುದು.

ಹಳೆಯದರ ಕೀಲು ಒಂದು ಕಡೆಗೆ ಬಾಗುತ್ತದೆ,
ಇನ್ನೊಂದು ಕಡೆಗೆ ಹಟ.
ಕೊನೆಗೂ ನೋಡಿದೆ ನಿನ್ನನ್ನು, ಬಾಗಿಲು ಬಡಿದವನೇ.

ಸಂದುಕೊಂಡ ಶಾಫ್ಟು ಕೂತಿತು. ಮತ್ತೆ ಒತ್ತು, ಮತ್ತೆ ಬಿಡು,
ಈ ಸಲ ಬಿಗಿಯುವುದಕ್ಕೆ.
ನಾನು ಹೊರಗೆ ತೆವಳಿ ಬರುವಷ್ಟರಲ್ಲಿ
ಬಿಮುರ್ಜಾ ಹಳೆಯದನ್ನು ಹೆಗಲಿಗೇರಿಸಿದ್ದ.
"ಬೇಲಿಗೆ ಗೂಟವಾಗುತ್ತೆ," ಅಂದ.
ಯಾವ ಬೇಲಿಗೆ ಅಂತ ನಾನು ಕೇಳಲಿಲ್ಲ.

ಕತ್ತಲಾಯಿತು. ಸುಬಾರು ತನ್ನ ಕಾಲ ಮೇಲೆ ನಿಂತಿದೆ,
ಎಣ್ಣೆ ಅರ್ಧ ಲೀಟರು ಕಡಿಮೆ, ಓಡಿಸುವಂತಿಲ್ಲ.
ಗುರುವಾರ ಮೇಲಿನ ಊರುಗಳಲ್ಲಿ ಏಳು ಮಕ್ಕಳಿಗೆ ಸೂಜಿ.
ಅವನ ಕೊಟ್ಟಿಗೆಯ ಅಟ್ಟದಲ್ಲಿ, ಕುದುಗೋಲಿನ ಹಿಂದೆ,
ಅದೇ ಎಣ್ಣೆಯ ಡಬ್ಬಿಯೊಂದು ಇದೆ, ನನಗೆ ಗೊತ್ತು.
ನನಗೆ ಗೊತ್ತೆಂಬುದು ಅವನಿಗೂ ಗೊತ್ತು.
ನಾಳೆ ಕೇಳಬೇಕು.