ಬೈಟೂ

ನಲವತ್ತೆಂಟು ದಿನ. ಹರಕೆಯಲ್ಲ, ಹಠ.
ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ
ದಿನದ ಮೂಲೆಗೊಂದು ಪೆನ್ಸಿಲ್ ಚುಕ್ಕಿ.

ಲಾಲ್‌ಬಾಗ್ ವೆಸ್ಟ್ ಗೇಟಿನಲ್ಲೇ ಬಸ್ಸಿಳಿದು
ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯವರೆಗೆ ನಡಿಗೆ;
ಮೊದಲ ವಾರ ಮೊಣಕಾಲು
ನನ್ನ ಹೆಸರು ಹಿಡಿದು ಬೈಯಿತು.

ಕಷ್ಟ ಅದಲ್ಲ.
ಹನ್ನೊಂದು ಗಂಟೆಯ ಕಾಫಿ ನಮ್ಮದು ಬೈಟೂ,
ನಾನು ಸಕ್ಕರೆ ಬಿಟ್ಟರೆ
ಗೌಸ್ ಪೀರನ ಅರ್ಧವೂ ಕಹಿ.
ಬೇರೆ ಬೇರೆ ತಗೊಳ್ಳೋಣ ಅಂದೆ.
"ಇಪ್ಪತ್ತೆರಡು ವರ್ಷ ಆಯ್ತು,
ಈಗೇನು ಮನೆ ಪಾಲಾಗಬೇಕಾ?"
ಮುಖ ಕಿವುಚಿಕೊಂಡು ಕುಡಿದ.

ಹತ್ತೊಂಬತ್ತನೆಯ ದಿನ ಜಡಿಮಳೆ.
ಸೀಟು ಬಿಟ್ಟೇಳಲಿಲ್ಲ.
ಮಿನರ್ವ ಸರ್ಕಲ್ ಹಿಂದೆ ಸರಿಯುವುದನ್ನು
ಕಿಟಕಿಯಿಂದ ಕಳ್ಳನ ಹಾಗೆ ನೋಡಿದೆ.
ಆದರೂ ಚುಕ್ಕಿ ಇಟ್ಟೆ.
ನಡುರಾತ್ರಿ ಎದ್ದು ರಬ್ಬರಿನಲ್ಲಿ ಉಜ್ಜಿದರೆ
ಪಕ್ಕದ ಅರ್ಧ ಲೀಟರ್ ಹಾಲೂ ಅಳಿಸಿಹೋಯಿತು.
ತಿಂಗಳ ಕೊನೆಗೆ ಹೆಂಡತಿಗೂ ಹಾಲಿನವನಿಗೂ ಜಗಳ;
ನಾನು ಪೇಪರ್ ಓದುತ್ತಿದ್ದೆ.

ಮಂಡಲ ಮುಗಿದ ಮರುದಿನ
ಇವತ್ತೊಂದು ಚಮಚ ಇರಲಿ
ಎಂದು ಬಾಯಿ ತೆರೆಯುವಷ್ಟರಲ್ಲಿ
ಗೌಸ್ ಕೌಂಟರಿಗೆ ಕೂಗಿದ್ದ:
"ಒಂದು ಬೈಟೂ, ಸಕ್ಕರೆ ಬೇಡ,
ದಿನಾ ಕೊಡೋ ಥರಾನೇ."