ಹದಿನಾರರ ಕೆಳಗೆ ಹದಿಮೂರು

ಎಂಬತ್ತೆರಡರ ಜನವರಿ. ಸುರತ್ಕಲ್ಲಿನ ಒಂದು ಓಣಿಯಲ್ಲಿ
ತಗಡಿನ ಕೊಳವೆ ಹೆಗಲಿಗೇರಿಸಿ ನಾನು ಹುಡುಕುತ್ತಿದ್ದದ್ದು
ಹದಿಮೂರು ಡಿಗ್ರಿ ಅಕ್ಷಾಂಶವನ್ನು.
ಗೆರೆ ಎಲ್ಲೂ ಬಿದ್ದಿರಲಿಲ್ಲ. ಬಿದ್ದದ್ದು ತೆಂಗಿನ ಮಡಲು,
ಅದರಾಚೆ ಜಗಲಿ, ಜಗಲಿಯಲ್ಲಿ ಅಪ್ಪಿಯಕ್ಕ,
ಮಡಿಲಲ್ಲಿ ತಡ್ಪೆ, ತಡ್ಪೆ ತುಂಬ ಬೀಡಿಯೆಲೆ.

"ಎಂತ ಕಳೆದುಹೋಯ್ತು ಮಾರಾಯ್ರೆ?"
ಗೆರೆ, ಎಂದೆ.
"ಕೂತ್ಕೊಳ್ಳಿ. ಬೆಲ್ಲ ನೀರು ತರ್ತೇನೆ."

ಹಾಳೆ ಬಿಡಿಸಿ ಹೇಳಿದೆ:
ದೇಶವೆಲ್ಲ ಮೊದಲು ದೊಡ್ಡ ಚೌಕ, ನಾಲ್ಕು ಡಿಗ್ರಿಗೆ ನಾಲ್ಕು ಡಿಗ್ರಿ.
ನಮ್ಮದು ನಲವತ್ತೆಂಟು. ಅದನ್ನು ಹದಿನಾರು ಮಾಡಿ
ಇಂಗ್ಲಿಷಿನ ಅಕ್ಷರ ಕೊಟ್ಟರು, ಮೇಲಿಂದ ಕೆಳಕ್ಕೆ
ಎ, ಬಿ, ಸಿ, ಡಿ, ಮತ್ತೆ ಮೇಲೆ ಹತ್ತಿ ಇ.
ಒಂದೊಂದು ಅಕ್ಷರವನ್ನೂ ಹದಿನಾರು ಮಾಡಿ ಅಂಕೆ ಕೊಟ್ಟರು.
ಅಂಕೆಗೊಂದು ಹಾಳೆ,
ಕಿಲೋಮೀಟರಿಗೆ ಎರಡು ಸೆಂಟಿಮೀಟರು.

ಅವಳು ಕತ್ತರಿ ಕೆಳಗಿಡದೆ ಕೇಳುತ್ತಿದ್ದಳು.
ಎಲೆಯ ಮೇಲೆ ಕಬ್ಬಿಣದ ಅಚ್ಚು ಇಟ್ಟು
ಸುತ್ತ ಒಮ್ಮೆ ಕತ್ತರಿ ಆಡಿಸಿದರೆ
ನರ ಎತ್ತ ಓಡಲಿ, ಹುಳ ಎಲ್ಲಿ ತಿಂದಿರಲಿ,
ಎಲ್ಲ ಎಲೆಗೂ ಒಂದೇ ಅಳತೆ.
"ಹೀಗೆ ಅಲ್ಲವಾ?"
ಹೀಗೇ. ನನ್ನ ತರಬೇತಿಯ ಎರಡು ವರ್ಷ
ಆ ತಡ್ಪೆಯೊಳಗೆ ಚೂರು ಚೂರಾಗಿ ಉದುರುತ್ತಿತ್ತು.
ಮರ್ಯಾದೆಗೆ ಒಂದು ಮಾತು ಸೇರಿಸಿದೆ:
ನಮ್ಮ ಎಲೆ ಪೂರ್ತಿ ಚೌಕವಲ್ಲ, ಭೂಮಿ ಉರುಟು ನೋಡಿ,
ಬಡಗಿನ ಅಂಚು ಅರ್ಧ ಮಿಲಿಮೀಟರು ಗಿಡ್ಡ.
"ಅಷ್ಟಕ್ಕೇ ನಮ್ಮ ಕಂಟ್ರಾಕ್ಟುದಾರ ಬೀಡಿ ವಾಪಸ್ಸು ಬಿಸಾಡ್ತಾನೆ."

ಅವಳ ಹಿತ್ತಿಲು ಎರಡು ಹಾಳೆಗಳಲ್ಲಿತ್ತು.
ಒಲೆ ತೆಂಕಿಗೆ: ನಲವತ್ತೆಂಟು ಎಲ್, ಹದಿಮೂರು.
ಬಾವಿ ಬಡಗಿಗೆ: ನಲವತ್ತೆಂಟು ಕೆ, ಹದಿನಾರು.
ನಡುವಿನ ಅಂಗಳ ಎರಡರಲ್ಲೂ ಇರಲಿಲ್ಲ;
ಗೆರೆಯ ದಪ್ಪವೇ ನೆಲದ ಮೇಲೆ ಐದು ಮೀಟರು,
ತುಳಸಿಕಟ್ಟೆ, ಒಣಮೀನಿನ ಚಾಪೆ, ಮಲಗಿದ ನಾಯಿ
ಎಲ್ಲ ಆ ಶಾಯಿಯೊಳಗೇ ಸಂಸಾರ ಮಾಡಿಕೊಂಡಿದ್ದವು.
ದಿನಕ್ಕೆ ಹನ್ನೆರಡು ಕೊಡ
ಸೊಂಟದ ಮೇಲೆ ಅಕ್ಷರ ದಾಟುತ್ತಿದ್ದವು.

"ಹದಿನಾರರ ಕೆಳಗೆ ಹದಿಮೂರು!" ಅವಳು ನಕ್ಕಳು.
"ನಿಮಗೆ ಲೆಕ್ಕ ಹೇಳಿಕೊಟ್ಟ ಮಾಸ್ಟ್ರು ಯಾರು?"
ಅದು ಒಂದು ಪೆಟ್ಟಿಗೆಯ ತಳ, ಇದು ಇನ್ನೊಂದರ ನೆತ್ತಿ ಎಂದೆ.
ಬೆಲ್ಲದ ನೀರು ಮುಗಿಯಿತು. ನಗು ಮುಗಿಯಲಿಲ್ಲ.

ಪಡುವಿಗೆ ಬೆರಳು ಓಡಿಸಿ, "ಇಲ್ಲಿ ಎಂತದೂ ಇಲ್ಲವಲ್ಲ?"
ಕಡಲು. ಅದು ನಮ್ಮ ಇಲಾಖೆಯದ್ದಲ್ಲ,
ನೌಕಾಪಡೆಯ ಆಫೀಸು ಬೇರೆ ಉಂಟು, ಡೆಹ್ರಾಡೂನಿನಲ್ಲಿ.
"ಅಲ್ಲಿ ಕಡಲು ಉಂಟಾ?"
ಇಲ್ಲ.
ಅವಳ ಗಂಡ ಆ ಖಾಲಿಯಲ್ಲೇ ಇದ್ದ, ಬೆಳಿಗ್ಗೆ ನಾಲ್ಕರಿಂದ.

ಹೊರಡುವಾಗ ಕೇಳಿದಳು:
"ಇದೊಂದು ನನಗೆ ಕೊಡಿ. ಗೋಡೆಗೆ ಅಂಟಿಸ್ತೇನೆ."
ತಲೆಯಲ್ಲಿದ್ದ ಕೆಂಪು ಅಕ್ಷರ ತೋರಿಸಿದೆ. ನಿರ್ಬಂಧಿತ.
ಕರಾವಳಿಯ ಹಾಳೆ ಮಾರುವಂತಿಲ್ಲ, ಕೊಡುವಂತಿಲ್ಲ,
ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ನಂಬರು,
ಒಂದು ಕಳೆದರೆ ನನ್ನ ಕೆಲಸವೇ ಹೋಯಿತು.
"ನನ್ನ ಬಾವಿ ಅದರಲ್ಲಿ ಉಂಟಲ್ಲ?"
ಉಂಟು. ನೀಲಿ ಚುಕ್ಕೆ.
"ಮತ್ತೆ ಗುಟ್ಟು ಯಾರಿಂದ?"

ನಾನು ಕೊಳವೆಯ ಮುಚ್ಚಳ ತಿರುಗಿಸುತ್ತಾ ನಿಂತೆ.
ಅವಳೇ ಕತ್ತರಿಸಿದ ಒಂದು ಎಲೆ ಮುಂದೆ ಹಿಡಿದಳು.
ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದೆ,
ಕೆಳಗೆ ಒಲೆ, ಮೇಲೆ ಚುಕ್ಕೆ. ನಂಬರು ಹಾಕಲಿಲ್ಲ.
ನೋಡಿದಳು. ತಿರುಗಿಸಿ ನೋಡಿದಳು.
ಆಮೇಲೆ, ಕೈ ಸುಮ್ಮನಿರುವ ಜಾತಿಯದ್ದಲ್ಲ,
ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ,
ಕೆಂಪು ನೂಲು ಬಿಗಿದು ಕಟ್ಟಿನೊಳಗೆ ಸೇರಿಸಿಬಿಟ್ಟಳು,
ಇಪ್ಪತ್ತೈದರಲ್ಲಿ ಒಂದು.

ನಿವೃತ್ತನಾಗಿ ಎಷ್ಟೋ ವರ್ಷ.
ಹಾಳೆಗಳೆಲ್ಲ ಲೆಕ್ಕ ಕೊಟ್ಟು ಒಪ್ಪಿಸಿದ್ದೇನೆ, ಸಹಿ ಉಂಟು.
ಲೆಕ್ಕಕ್ಕೆ ಸಿಗದ್ದು ಅದೊಂದೇ:
ಯಾವ ಊರಲ್ಲೋ, ಯಾವ ಅಂಕೆಯ ಹಾಳೆಯಲ್ಲೋ
ಬಸ್ಸಿಗೆ ಕಾಯುತ್ತಾ ಯಾರೋ
ಅಪ್ಪಿಯಕ್ಕನ ಬಾವಿಯನ್ನು ಸೇದಿದ್ದಾರೆ.