ಉಬ್ಬರದ ಪಟ್ಟಿ

ಮೂರನೆಯ ಪತ್ರ ಬರೆದಳು ಬೊಹುನ್ಕಾ, ಬ್ರನೋದಿಂದ,
ಕಡಲೇ ಇಲ್ಲದ ಊರಿಂದ:
"ಹನುಸ್, ನಿಮ್ಮ ಪ್ಯಾಕೇಜು ಮುರಿದಿದೆ.
ತಿದ್ದುಪಡಿ ಲಗತ್ತಿಸಿದ್ದೇನೆ. ಹೇಗಿದ್ದೀರಿ?"

ಫಾರೋ ದ್ವೀಪದಿಂದ
ಹೂಂ ಇಲ್ಲ, ಉಹೂಂ ಇಲ್ಲ.

ಹನ್ನೊಂದು ವರ್ಷ ಉಬ್ಬರವಿಳಿತದ ಪಟ್ಟಿ ಕಾಯ್ದವನು;
ಕೊನೆಯ ಟಿಪ್ಪಣಿ: "ಫೆಬ್ರವರಿ ದೋಷ ಸರಿಹೋಯ್ತು. ಉಳಿದದ್ದು ನಾಳೆ."
ಆ ನಾಳೆಗೀಗ ಹದಿನಾಲ್ಕು ತಿಂಗಳು.

ನಿಯಮದ ಪ್ರಕಾರ ಮೂರು ವಾರ ಸಾಕು.
ಐದು ಕಾದಳು.
'ವಾರಸುದಾರರಿಲ್ಲ' ಎಂದು ನಮೂದಿಸುವಾಗ
ಯಾರದೋ ಮನೆಯ ಬೀಗ ಒಡೆದು ಒಳಹೊಕ್ಕು
ಅವರ ಗಿಡಕ್ಕೆ ನೀರು ಹಾಕಿದ ಹಾಗೆ.

ತನ್ನ ಹೆಸರು ಸೇರಿಸಿದಳು. ಅವನದನ್ನು ಅಳಿಸಲಿಲ್ಲ.

ಮೇ ತಿಂಗಳ ಒಂದು ನಡುರಾತ್ರಿ ಉತ್ತರ:
"ನಲವತ್ತನೇ ಸಾಲಲ್ಲಿ ಅಲ್ಪವಿರಾಮ ಬಿಟ್ಟಿದ್ದೀಯ."

ಹೋಗಿ ನೋಡಿದಳು.
ನಿಜ.